ಅಪ್ಪ ಹುಟ್ಟಿದ್ದೆಲ್ಲಿ? ಸಿಲೋನ್ ತೋಟದವರ ಪೌರತ್ವದ ಕಥೆ

ಸುಳ್ಯ, ಪುತ್ತೂರು ಕಡೆಯ ರಬ್ಬರ್ ತೋಟಗಳಲ್ಲಿ ಬೆಳಗಿನ ಜಾವಕ್ಕೇ ಕೆಲಸ ಶುರು. ಬಿಸಿಲು ಏರಿದರೆ ಮರದಿಂದ ಹಾಲು ಇಳಿಯುವುದು ಕಡಿಮೆಯಾಗುತ್ತದೆ. ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ಈ ತೋಟಗಳಲ್ಲಿ ಟ್ಯಾಪಿಂಗ್‌ಗೆ ಹೊರಡುವವರ ಪೈಕಿ ತುಂಬ ಮಂದಿ ಮನೆಯಲ್ಲಿ ತಮಿಳು ಮಾತಾಡುತ್ತಾರೆ. ಪೇಟೆಗೆ ಬಂದರೆ ತುಳು, ಮಕ್ಕಳ ಶಾಲೆಯಲ್ಲಿ ಕನ್ನಡ. ಊರಿನವರಿಗೆ ಅವರು ಇವತ್ತಿಗೂ ‘ಸಿಲೋನಿನವರು’, ಅಂದರೆ ಈಗಿನ ಶ್ರೀಲಂಕಾದಿಂದ ಬಂದವರು.

ತುಳುನಾಡಿನ ಒಳಗೆ ತಮಿಳು ಮಾತಾಡುವ ಇಷ್ಟೊಂದು ಕುಟುಂಬಗಳು ಬಂದದ್ದು ಹೇಗೆ? ಅವರು ಕೆಲಸ ಹುಡುಕಿಕೊಂಡು ಬಂದವರಲ್ಲ. ಯುದ್ಧಕ್ಕೆ ಹೆದರಿ ಓಡಿ ಬಂದವರೂ ಅಲ್ಲ. ಎರಡು ದೇಶಗಳ ಸರ್ಕಾರಗಳು ಕೂತು, ಜನರನ್ನು ಎಣಿಸಿ, ನಿಮಗಿಷ್ಟು ನಮಗಿಷ್ಟು ಎಂದು ಪಾಲು ಮಾಡಿದ್ದರಿಂದ ಹಡಗು ಹತ್ತಿದವರು, ಅವರ ಮಕ್ಕಳು, ಮೊಮ್ಮಕ್ಕಳು.

ಇದೆಲ್ಲ ಹಳೆಯ ಕಥೆ ಅನ್ನಿಸಬಹುದು. ಆದರೆ ಇದೇ ಮೂಲದ ಸುಮಾರು 30 ಸಾವಿರ ಜನ ತಮಿಳುನಾಡಿನ ಶಿಬಿರಗಳಲ್ಲಿ ಈಗಲೂ ಯಾವ ದೇಶದವರು ಎಂದು ತೀರ್ಮಾನವಾಗದೆ ಬದುಕುತ್ತಿದ್ದಾರೆ. ಪೌರತ್ವ, ನುಸುಳುಕೋರರು, ದಾಖಲೆ ಎಂಬ ಮಾತು ದಿನಾ ಕಿವಿಗೆ ಬೀಳುವ ಈ ಹೊತ್ತಿನಲ್ಲಿ ಅವರ ಕಥೆ ನಮಗೆ ಗೊತ್ತಿರಬೇಕು. ಒಂದು ಕಾನೂನು ಕೇಳಿದ ಒಂದೇ ಪ್ರಶ್ನೆ ಮೂರು ತಲೆಮಾರನ್ನು ಹೇಗೆ ಅತಂತ್ರ ಮಾಡಿತು ಎಂಬುದು ಇಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ನನಗೆ ಕಂಡಿಲ್ಲ.

ಬ್ರಿಟಿಷರು ಸಿಲೋನಿನ ಕ್ಯಾಂಡಿ ಬೆಟ್ಟಗಳಲ್ಲಿ ಕಾಫಿ ಹಾಕಲು ಹೊರಟಾಗ ಅವರಿಗೆ ಆಳು ಬೇಕಿತ್ತು. ಮಧುರೆ, ತಿರುಚ್ಚಿ, ರಾಮನಾಥಪುರ, ಸೇಲಂ ಕಡೆಯ ಬರಗಾಲದ ಹಳ್ಳಿಗಳಲ್ಲಿ ಆಳು ಸಿಕ್ಕರು. ಜನರನ್ನು ಒಟ್ಟು ಮಾಡಿ ಕರೆದೊಯ್ಯುತ್ತಿದ್ದವನು ಕಂಗಾಣಿ. ನಮ್ಮ ಕೊಡಗು, ಚಿಕ್ಕಮಗಳೂರಿನ ಎಸ್ಟೇಟುಗಳ ಮೇಸ್ತ್ರಿಯ ಹಾಗೆ. ಮುಂಗಡ ಕೊಡುವವನೂ ಅವನೇ, ಲೆಕ್ಕ ಇಡುವವನೂ ಅವನೇ. ಜನ ಸಮುದ್ರ ದಾಟಿ, ಮನ್ನಾರ್ ಕಡೆಯಿಂದ ಕಾಡಿನ ಹಾದಿಯಲ್ಲಿ ಮಾತಳೆಯವರೆಗೆ ನಡೆದುಕೊಂಡೇ ಹೋಗುತ್ತಿದ್ದರು. ಕಾಲರಾ, ಹಸಿವು, ಜ್ವರಕ್ಕೆ ದಾರಿಯಲ್ಲೇ ಸತ್ತವರು ಅದೆಷ್ಟೋ.

ತೋಟ ಸೇರಿದ ಮೇಲೆ ‘ತುಂಡು’ ಎಂಬ ಚೀಟಿಯ ಕಟ್ಟು. ಕನ್ನಡದಲ್ಲೂ ತಮಿಳಲ್ಲೂ ಅದೇ ಪದ. ಇಷ್ಟು ಸಾಲ ತೀರಿಸಿದರೆ ಬಿಡುತ್ತೇನೆ ಎಂದು ತೋಟದ ದೊರೆ ಬರೆದುಕೊಟ್ಟ ತುಂಡು ಕಾಗದ ಇಲ್ಲದೆ ಇನ್ನೊಂದು ತೋಟದಲ್ಲಿ ಕೆಲಸ ಸಿಗುತ್ತಿರಲಿಲ್ಲ. 1921ರಲ್ಲಿ ಅದು ರದ್ದಾಯಿತು. 1869ರಿಂದ ಹರಡಿದ ಎಲೆ ತುಕ್ಕು ರೋಗಕ್ಕೆ ಕಾಫಿ ಹಾಳಾಯಿತು. ಆ ಜಾಗಕ್ಕೆ ಚಹಾ ಬಂತು. ಕಾಫಿಗೆ ವರ್ಷದ ಕೆಲವು ತಿಂಗಳು ಆಳು ಸಾಕು. ಚಹಾಕ್ಕೆ ಹಾಗಲ್ಲ, ವರ್ಷಪೂರ್ತಿ ಎಲೆ ಕೀಳಬೇಕು. ಹಾಗಾಗಿ ಮೊದಲು ಬಂದು ಹೋಗುತ್ತಿದ್ದವರು ಈಗ ಹೆಂಡತಿ ಮಕ್ಕಳೊಂದಿಗೆ ಲೈನ್ ಮನೆಗಳಲ್ಲೇ ಉಳಿದರು. ಅಲ್ಲೇ ಹುಟ್ಟು, ಅಲ್ಲೇ ಮದುವೆ, ಅಲ್ಲೇ ಮಣ್ಣು. ‘ಇವರು ಬಂದು ಹೋಗುವ ಕೂಲಿಗಳು’ ಎಂಬ ವಾದ ಮುಂದೆ ಪಾರ್ಲಿಮೆಂಟಿನಲ್ಲಿ ಬಂದಾಗ, ಬೆಳೆ ಬದಲಾದ ಈ ಸಂಗತಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

1931ರಲ್ಲಿ ಸಿಲೋನಿಗೆ ವಯಸ್ಕ ಮತದಾನ ಬಂತು, ಭಾರತಕ್ಕಿಂತ ಎಷ್ಟೋ ಮೊದಲು. ತೋಟದ ತಮಿಳರಿಗೆ ಮತ ಕೊಡುವ ವಿಷಯದಲ್ಲಿ ಆಗಲೇ ಜಗಳ ಎದ್ದಿತು. ಬೆಟ್ಟದ ಸಿಂಹಳ ನಾಯಕರಿಗೆ ಭಯ. ತಮ್ಮ ಪೂರ್ವಜರ ನೆಲದಲ್ಲಿ ಎಸ್ಟೇಟ್ ಬಂತು, ಈಗ ಎಸ್ಟೇಟಿನ ಜನ ತಮ್ಮನ್ನು ಆಳುತ್ತಾರೆ ಎಂಬ ಭಯ. ಅದನ್ನು ಬರೀ ದ್ವೇಷ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅವರ ಭೂಮಿಯನ್ನು ಬ್ರಿಟಿಷರು ಕಸಿದದ್ದು ನಿಜ. ಆದರೆ ಕಸಿದವರು ಬ್ರಿಟಿಷರು, ಸಿಟ್ಟು ತಿರುಗಿದ್ದು ಕೂಲಿಯವರ ಮೇಲೆ.

1946ರ ಜನಗಣತಿಯಲ್ಲಿ ‘ಇಂಡಿಯನ್ ತಮಿಳರು’ ಸುಮಾರು 7.8 ಲಕ್ಷ. ದೇಶದ ಜನಸಂಖ್ಯೆಯಲ್ಲಿ ನೂರಕ್ಕೆ ಹನ್ನೊಂದಕ್ಕಿಂತ ಜಾಸ್ತಿ. 1947ರ ಚುನಾವಣೆಯಲ್ಲಿ ಅವರ ಪಕ್ಷ ಸಿಲೋನ್ ಇಂಡಿಯನ್ ಕಾಂಗ್ರೆಸ್ 6 ಸ್ಥಾನ ಗೆದ್ದಿತು. ಇನ್ನೂ ಹಲವು ಕ್ಷೇತ್ರಗಳಲ್ಲಿ ಅವರ ಮತ ಎಡಪಕ್ಷಗಳ ಕೈ ಹಿಡಿಯಿತು. ಪ್ರಧಾನಿ ಡಿ.ಎಸ್. ಸೇನಾನಾಯಕೆಯವರ ಪಕ್ಷಕ್ಕೆ ಇದರಲ್ಲಿ ಎರಡು ತಲೆನೋವು ಒಟ್ಟಿಗೆ ಕಂಡವು: ತಮಿಳರು ಮತ್ತು ಕಾರ್ಮಿಕರು. ಸ್ವಾತಂತ್ರ್ಯ ಬಂದದ್ದು 1948ರ ಫೆಬ್ರವರಿಯಲ್ಲಿ. ಪೌರತ್ವ ಕಾಯ್ದೆ ಅದೇ ವರ್ಷ ನವೆಂಬರ್‌ನಲ್ಲಿ ಜಾರಿಯಾಯಿತು.

ಈ ಕಾಯ್ದೆಯನ್ನು ಓದಿದರೆ ತಮಿಳರು ಎಂಬ ಪದ ಎಲ್ಲೂ ಸಿಗುವುದಿಲ್ಲ. ಕೂಲಿ ಎಂಬ ಪದವೂ ಇಲ್ಲ. ಎಲ್ಲರಿಗೂ ಒಂದೇ ನಿಯಮ ಎಂದೇ ಕಾಣುತ್ತದೆ. ನೀವು ಸಿಲೋನಿನಲ್ಲಿ ಹುಟ್ಟಿದ್ದರಷ್ಟೇ ಸಾಲದು. ನಿಮ್ಮ ತಂದೆಯೂ ಅಲ್ಲೇ ಹುಟ್ಟಿರಬೇಕು. ಇಲ್ಲವೇ ತಂದೆಯ ಕಡೆಯ ಅಜ್ಜ ಮತ್ತು ಮುತ್ತಜ್ಜ ಇಬ್ಬರೂ ಅಲ್ಲಿ ಹುಟ್ಟಿರಬೇಕು.

ಇದನ್ನು ತೋಟದ ಲೈನ್ ಮನೆಯಲ್ಲಿ ನಿಂತು ಯೋಚಿಸಿ. ಹೆಣ್ಣುಮಗಳೊಬ್ಬಳು ಬೆಳಗಿನ ಏಳಕ್ಕೆ ಎಲೆ ಕೀಳಲು ಹೋಗುತ್ತಾಳೆ. ಅವಳು ಹುಟ್ಟಿದ್ದು ಅಲ್ಲೇ. ಅವಳ ಅಪ್ಪನೂ ಅಲ್ಲೇ ಹುಟ್ಟಿದವನು ಅಂತಲೇ ಇಟ್ಟುಕೊಳ್ಳಿ. ಅದಕ್ಕೆ ಕಾಗದ ಎಲ್ಲಿದೆ? ಎಸ್ಟೇಟಿನಲ್ಲಿ ಹುಟ್ಟಿದ ಮಗುವಿನ ಹೆಸರು ಎಲ್ಲಾದರೂ ಬರೆದಿದ್ದರೆ ಅದು ಎಸ್ಟೇಟಿನ ಆಫೀಸಿನಲ್ಲಿ, ದೊರೆಯ ಭಾಷೆಯಲ್ಲಿ, ತಪ್ಪು ಕಾಗುಣಿತದಲ್ಲಿ. ಹಳ್ಳಿಯ ಸಿಂಹಳ ರೈತನ ಹತ್ತಿರವೂ ಅಪ್ಪನ ಜನನ ಪತ್ರ ಇರಲಿಲ್ಲ. ವ್ಯತ್ಯಾಸ ಏನೆಂದರೆ, ಅವನನ್ನು ಯಾರೂ ಕೇಳಲಿಲ್ಲ. ಅವನ ಹೆಸರು, ಅವನ ಮಾತು ಸಾಕಾಗಿತ್ತು. ತೋಟದವಳ ಹೆಸರೇ ಅವಳ ಮೇಲೆ ಅನುಮಾನ ಹುಟ್ಟಿಸುತ್ತಿತ್ತು. ಕಾನೂನು ಎಲ್ಲರಿಗೂ ಒಂದೇ ಪ್ರಶ್ನೆ ಬರೆದಿಟ್ಟಿರಬಹುದು. ಆದರೆ ಆ ಪ್ರಶ್ನೆಗೆ ಉತ್ತರ ಕೊಡಬೇಕಾಗಿ ಬಂದದ್ದು ಕೆಲವರಿಗೆ ಮಾತ್ರ. ಪೌರತ್ವ ಕಾಯ್ದೆಗಳ ನಿಜವಾದ ಪೆಟ್ಟು ಇಲ್ಲಿದೆ ಎಂದು ನಾನು ನಂಬುತ್ತೇನೆ.

1949ರಲ್ಲಿ ಇನ್ನೊಂದು ದಾರಿ ತೆರೆದರು. ಭಾರತ, ಪಾಕಿಸ್ತಾನ ಮೂಲದವರು ಅರ್ಜಿ ಹಾಕಬಹುದು, ಮದುವೆಯಾದವರು 7 ವರ್ಷ, ಆಗದವರು 10 ವರ್ಷ ಎಡೆಬಿಡದೆ ಅಲ್ಲಿ ವಾಸವಿದ್ದದ್ದನ್ನು ತೋರಿಸಬೇಕು ಎಂದು. ಊರಿಗೆ ಹೋಗಿ ವರ್ಷಕ್ಕಿಂತ ಜಾಸ್ತಿ ಉಳಿದಿದ್ದರೆ ಲೆಕ್ಕ ತಪ್ಪುತ್ತಿತ್ತು. 1951ರ ಆಗಸ್ಟ್ ಗಡುವಿನೊಳಗೆ ಬಂದ ಅರ್ಜಿಗಳಲ್ಲಿ ಸುಮಾರು 8 ಲಕ್ಷ ಜನರ ಹೆಸರಿತ್ತು. ಹತ್ತಾರು ವರ್ಷ ಎಳೆದು ಕೊನೆಗೆ ಪೌರತ್ವ ಸಿಕ್ಕಿದ್ದು ಸುಮಾರು 1.34 ಲಕ್ಷ ಮಂದಿಗೆ. ಅದೇ 1949ರಲ್ಲಿ ಚುನಾವಣಾ ಕಾನೂನನ್ನೂ ತಿದ್ದಿದರು. ಪೌರರಲ್ಲದವರಿಗೆ ಮತವಿಲ್ಲ. 1947ರಲ್ಲಿ ಓಟು ಹಾಕಿದವರು 1952ರಲ್ಲಿ ಮತಗಟ್ಟೆಯ ಹೊರಗೆ ಉಳಿದರು.

ಒಬ್ಬ ಮತದಾರ ಕೋರ್ಟಿಗೆ ಹೋದ. ಪ್ರಕರಣ ಆಗಿನ ಕೊನೆಯ ಮೇಲ್ಮನವಿ ಕೋರ್ಟಾದ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೂ ಹೋಯಿತು. ಯಾವ ಸಮುದಾಯಕ್ಕೂ ತಾರತಮ್ಯ ಮಾಡುವ ಕಾನೂನು ಮಾಡಬಾರದು ಎಂದು ಸಿಲೋನಿನ ಸಂವಿಧಾನದ 29ನೇ ಕಲಮು ಹೇಳುತ್ತಿತ್ತು. ಆದರೆ ತನ್ನ ಪ್ರಜೆಗಳು ಯಾರೆಂದು ತೀರ್ಮಾನಿಸುವುದು ಒಂದು ದೇಶದ ಸಹಜ ಹಕ್ಕು ಎಂದು ಪ್ರಿವಿ ಕೌನ್ಸಿಲ್ 1953ರಲ್ಲಿ ಕಾಯ್ದೆಯನ್ನು ಎತ್ತಿಹಿಡಿಯಿತು. ಕಾನೂನಿನಲ್ಲಿ ಜಾತಿ, ಜನಾಂಗದ ಹೆಸರಿಲ್ಲ ಎಂಬ ಸಂಗತಿಯೂ ಅದನ್ನು ಕಾಪಾಡಿತು.

ಇದರ ಪರಿಣಾಮ ತೋಟದ ಗಡಿಯಲ್ಲಿ ನಿಲ್ಲಲಿಲ್ಲ. ಕ್ಷೇತ್ರಗಳನ್ನು ಗುರುತಿಸುವಾಗ ಜನಸಂಖ್ಯೆಯನ್ನು ನೋಡುತ್ತಿದ್ದರು, ಅದರಲ್ಲಿ ಮತವಿಲ್ಲದ ತೋಟದವರೂ ಸೇರಿದ್ದರು. ಅಂದರೆ ಅವರ ತಲೆ ಎಣಿಕೆಗೆ ಬೇಕು, ಅವರ ಓಟು ಬೇಡ. ಅವರ ಪಾಲಿನ ಸ್ಥಾನಗಳು ಬೆಟ್ಟದ ಸಿಂಹಳ ಮತದಾರರಿಗೆ ಹೋದವು. ಸಿಂಹಳವೊಂದೇ ಅಧಿಕೃತ ಭಾಷೆ ಎಂಬ 1956ರ ಕಾನೂನಿಗೆ ಪಾರ್ಲಿಮೆಂಟಿನಲ್ಲಿ ಅಷ್ಟು ಸುಲಭವಾಗಿ ಬಹುಮತ ಸಿಗಲು ಇದೂ ಒಂದು ಕಾರಣ. ಉತ್ತರದ ಜಾಫ್ನಾ ತಮಿಳರ ದೊಡ್ಡ ನಾಯಕ ಜಿ.ಜಿ. ಪೊನ್ನಂಬಲಂ 1948ರಲ್ಲೇ ಸರ್ಕಾರ ಸೇರಿ ಮಂತ್ರಿಯಾಗಿದ್ದರು. ಅದನ್ನು ಒಪ್ಪದ ಎಸ್.ಜೆ.ವಿ. ಚೆಲ್ವನಾಯಕಂ ಪೊನ್ನಂಬಲಂ ಅವರ ಪಕ್ಷ ಬಿಟ್ಟು 1949ರ ಡಿಸೆಂಬರ್‌ನಲ್ಲಿ ಫೆಡರಲ್ ಪಕ್ಷ ಕಟ್ಟಿದರು. ಇವತ್ತು ತೋಟದವರಿಗೆ ಆದದ್ದು ನಾಳೆ ನಮಗೆ ಎಂಬುದು ಅವರ ಎಚ್ಚರಿಕೆಯಾಗಿತ್ತು. ಮುಂದೆ ನಡೆದದ್ದು ನಮಗೆಲ್ಲ ಗೊತ್ತಿದೆ.

ಭಾರತ ಏನು ಮಾಡಿತು? ನೆಹರೂ ಅವರ ನಿಲುವು ಸರಳ. ಇವರು ಹುಟ್ಟಿ ಬೆಳೆದದ್ದು ಸಿಲೋನಿನಲ್ಲಿ, ಆ ದೇಶ ಕಟ್ಟಿದವರು, ಇವರು ಸಿಲೋನಿನ ಜವಾಬ್ದಾರಿ. ಮೂಲ ಭಾರತದ್ದು ಎಂದ ಮಾತ್ರಕ್ಕೆ ತಾನಾಗಿಯೇ ಭಾರತೀಯರಾಗುವುದಿಲ್ಲ. ನಮ್ಮ ಸಂವಿಧಾನದ 8ನೇ ವಿಧಿಯಲ್ಲಿ ಹೊರದೇಶದಲ್ಲಿರುವ ಭಾರತ ಮೂಲದವರು ರಾಯಭಾರ ಕಚೇರಿಯಲ್ಲಿ ನೋಂದಣಿ ಮಾಡಿಸಿಕೊಳ್ಳಲು ಅವಕಾಶವಿದೆ, ಅಷ್ಟೇ. ತತ್ವದಲ್ಲಿ ನೆಹರೂ ಸರಿ ಇದ್ದರು ಎಂದೇ ನನಗನ್ನಿಸುತ್ತದೆ. ಆದರೆ ಸಿಲೋನ್ ‘ನಮ್ಮವರಲ್ಲ’ ಎಂದಿತು, ಭಾರತವೂ ‘ನಮ್ಮವರಲ್ಲ’ ಎಂದಿತು. ಎರಡು ದೇಶಗಳ ವಾದದ ನಡುವೆ ಸಿಕ್ಕವರು ಯಾವ ದೇಶದವರೂ ಅಲ್ಲವಾದರು.

ನೆಹರೂ ಹೋದ ವರ್ಷವೇ ಆ ನಿಲುವೂ ಹೋಯಿತು. 1964ರ ಅಕ್ಟೋಬರ್ 30ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿಲೋನ್ ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ಒಪ್ಪಂದಕ್ಕೆ ಸಹಿ ಹಾಕಿದರು. ಯಾವ ದೇಶಕ್ಕೂ ಸೇರದ ಜನ 9,75,000 ಎಂದು ಲೆಕ್ಕ ಹಿಡಿದರು. ಅದರಲ್ಲಿ 5,25,000 ಭಾರತಕ್ಕೆ, 3,00,000 ಸಿಲೋನಿಗೆ. ಉಳಿದ 1,50,000 ಮಂದಿಯ ವಿಷಯ ಆಮೇಲೆ ನೋಡೋಣ ಎಂದರು. 15 ವರ್ಷದೊಳಗೆ ಎಲ್ಲ ಮುಗಿಯಬೇಕು. ಏಳು ಮಂದಿ ಭಾರತಕ್ಕೆ ಹೊರಟರೆ ನಾಲ್ಕು ಮಂದಿಗೆ ಸಿಲೋನಿನ ಪೌರತ್ವ, ಈ ಲೆಕ್ಕದಲ್ಲಿ ಕೆಲಸ ಸಾಗಬೇಕು. 1974ರಲ್ಲಿ ಇಂದಿರಾ ಗಾಂಧಿ ಮತ್ತು ಸಿರಿಮಾವೊ ಉಳಿದ ಒಂದೂವರೆ ಲಕ್ಷವನ್ನು ಸರಿಯಾಗಿ ಅರ್ಧ ಮಾಡಿದರು, 75 ಸಾವಿರ ಅಲ್ಲಿಗೆ, 75 ಸಾವಿರ ಇಲ್ಲಿಗೆ.

ಈ ಅಂಕಿಗಳನ್ನು ಎಷ್ಟು ಸಲ ಓದಿದರೂ ನನಗೆ ಸಮಾಧಾನವಾಗುವುದಿಲ್ಲ. ಅರ್ಧ ಅಂದರೆ ಯಾರು? ಯಾವ ಅಣ್ಣ ಅಲ್ಲಿ, ಯಾವ ತಂಗಿ ಇಲ್ಲಿ? ನೀವು ಎಲ್ಲಿರಲು ಇಷ್ಟಪಡುತ್ತೀರಿ ಎಂದು ಮೊದಲು ಜನರನ್ನು ಕೇಳಿ, ಆಮೇಲೆ ಲೆಕ್ಕ ಹಾಕಬಹುದಿತ್ತು. ಅದು ತಿರುವುಮುರುವಾಯಿತು. ಮೊದಲು ಸಂಖ್ಯೆ ನಿಗದಿಯಾಯಿತು, ಆಮೇಲೆ ಅರ್ಜಿ ಕರೆದರು. ಸಿಲೋನಿನ 3 ಲಕ್ಷ ಜಾಗಕ್ಕೆ 6 ಲಕ್ಷಕ್ಕೂ ಜಾಸ್ತಿ ಮಂದಿ ಅರ್ಜಿ ಹಾಕಿದರು. ಭಾರತದ ಪಾಲಿನ ಸಂಖ್ಯೆ ತುಂಬಲೇ ಇಲ್ಲ. ತಾವು ಎಲ್ಲಿಯವರು ಎಂದು ಆ ಜನ ತಮಗೆ ಸಿಕ್ಕ ಒಂದೇ ಅವಕಾಶದಲ್ಲಿ ಹೇಳಿದ್ದರು.

ಒಪ್ಪಂದವಾಗಿ ಎರಡು ತಿಂಗಳೂ ಆಗಿರಲಿಲ್ಲ. 1964ರ ಡಿಸೆಂಬರ್ 22ರ ರಾತ್ರಿ ಚಂಡಮಾರುತ ಧನುಷ್ಕೋಡಿಯನ್ನು ಅಳಿಸಿಹಾಕಿತು. ಪಾಂಬನ್‌ನಿಂದ ಹೊರಟ ಪ್ಯಾಸೆಂಜರ್ ರೈಲು ಜನರ ಸಮೇತ ಸಮುದ್ರಪಾಲಾಯಿತು. ತಲೈಮನ್ನಾರ್‌ನಿಂದ ಹಡಗು ಬಂದು ನಿಲ್ಲುತ್ತಿದ್ದ ಬಂದರೇ ಇಲ್ಲವಾಯಿತು. ಮುಂದೆ ಹಡಗುಗಳು ರಾಮೇಶ್ವರಕ್ಕೆ ಬಂದವು. ಇಳಿದವರನ್ನು ಹತ್ತಿರದ ಮಂಡಪಂ ಶಿಬಿರಕ್ಕೆ ಕರೆದೊಯ್ಯುತ್ತಿದ್ದರು. ಹಿಂದೆ ಸಿಲೋನಿಗೆ ಹೋಗುವ ಕೂಲಿಗಳನ್ನು ರೋಗ ತಪಾಸಣೆಗೆಂದು ಕೂಡಿಹಾಕುತ್ತಿದ್ದ ಶಿಬಿರವೂ ಇದೇ. ಅಜ್ಜ ಹೋಗುವಾಗ ಕೂತ ಜಾಗದಲ್ಲೇ ಮೊಮ್ಮಗ ಬಂದು ಕೂತ.

ತಮಿಳಿನಲ್ಲಿ ಇವರಿಗೆ ಸರ್ಕಾರ ಕೊಟ್ಟ ಹೆಸರು ‘ತಾಯಗಂ ತಿರುಂಬಿಯೋರ್’, ತಾಯ್ನಾಡಿಗೆ ಮರಳಿದವರು. ಆದರೆ ಹೆಚ್ಚಿನವರು ಭಾರತವನ್ನು ಮೊದಲ ಸಲ ನೋಡಿದ್ದೇ ಆ ದಿನ. ನೀಲಗಿರಿಯಲ್ಲಿ ತಮಿಳುನಾಡು ಸರ್ಕಾರದ ಚಹಾ ತೋಟ, ಕೇರಳದ ಪುನಲೂರಿನಲ್ಲಿ ರಬ್ಬರ್, ಆಂಧ್ರದಲ್ಲಿ ನೂಲಿನ ಗಿರಣಿ, ಅಂಡಮಾನಿನ ಕಚಾಲ್ ದ್ವೀಪ, ನಮ್ಮ ಸುಳ್ಯ-ಪುತ್ತೂರು. ಹೀಗೆ ಎಲ್ಲೆಲ್ಲಿ ಕೆಲಸ ಹುಟ್ಟಿಸಲು ಆಯಿತೋ ಅಲ್ಲೆಲ್ಲ ಕಳಿಸಿದರು. ಕೆಲವರಿಗೆ ಸಾಲ ಕೊಟ್ಟು ವ್ಯಾಪಾರ ಮಾಡಿಕೊಳ್ಳಿ ಎಂದರು. ಹುಟ್ಟಿದಾಗಿನಿಂದ ಎಲೆ ಕಿತ್ತವರಿಗೆ ಅಂಗಡಿ ನಡೆಸುವುದು ಹೇಗೆ ಗೊತ್ತಿರಬೇಕು? ಸಾಲದ ಹಣ ಕರಗಿತು, ಎಷ್ಟೋ ಜನ ನೀಲಗಿರಿ, ಕೊಡೈಕೆನಾಲ್ ಬೆಟ್ಟಗಳಲ್ಲಿ ಮತ್ತೆ ಕೂಲಿಗೆ ಸೇರಿದರು.

ಸುಳ್ಯ, ಪುತ್ತೂರಿನವರಿಗೆ ಕೆಲಸವೂ ಕ್ವಾರ್ಟರ್ಸೂ ಸಿಕ್ಕಿತು, ಅದು ದೊಡ್ಡದೇ. ಅವರು ಬೆಳೆಸಿದ ಕಾಡು ಈಗ ರಬ್ಬರ್ ಕೊಡುತ್ತಿದೆ. ಆದರೆ ಕೆಲಸದಿಂದ ನಿವೃತ್ತಿಯಾದರೆ ಕ್ವಾರ್ಟರ್ಸ್ ಬಿಡಬೇಕು, ಸ್ವಂತ ಜಾಗವಿಲ್ಲ. ಇವರಲ್ಲಿ ಬಹಳ ಮಂದಿ ದಲಿತರು. ಮಕ್ಕಳ ಜಾತಿ ಪ್ರಮಾಣಪತ್ರಕ್ಕೆ ಹೋದರೆ ಮತ್ತದೇ ಪ್ರಶ್ನೆ, ನಿಮ್ಮ ಹಿರಿಯರು ಈ ರಾಜ್ಯದವರೇ ಎಂದು. ಪೌರತ್ವದ ಕಾಗದ ಕೈಯಲ್ಲಿದ್ದರೂ ಅಪ್ಪ ಹುಟ್ಟಿದ್ದೆಲ್ಲಿ ಎಂಬ ಪ್ರಶ್ನೆ ಅವರನ್ನು ತುಳುನಾಡಿನವರೆಗೂ ಹಿಂಬಾಲಿಸಿತು.

ಅತ್ತ 1981ರಲ್ಲಿ ಒಪ್ಪಂದದ ಅವಧಿ ಮುಗಿಯಿತು. 1983ರಲ್ಲಿ ತಮಿಳರ ಮೇಲೆ ಭೀಕರ ಹಿಂಸೆ ನಡೆದು ಯುದ್ಧ ಶುರುವಾಯಿತು. 1984ರಲ್ಲಿ ರಾಮೇಶ್ವರದ ಹಡಗು ನಿಂತಿತು. ಭಾರತದ ಪೌರತ್ವ ಸಿಕ್ಕಿಯೂ ಹಡಗು ಸಿಗದವರು, ಹಡಗು ಬಂದರೂ ಹೊರಡಲು ಮನಸ್ಸಿಲ್ಲದವರು ತೋಟಗಳಲ್ಲೇ ಉಳಿದರು. ಆ ಹೊತ್ತಿಗೆ ತೋಟದವರ ನಾಯಕ ಎಸ್. ತೊಂಡಮಾನ್ ಶ್ರೀಲಂಕಾ ಸರ್ಕಾರದಲ್ಲಿ ಮಂತ್ರಿ. ಚೌಕಾಶಿ ಮಾಡುವ ಬಲ ಅವರಿಗಿತ್ತು. 1986ರ ಕಾನೂನಿನಲ್ಲಿ, ಭಾರತಕ್ಕೆ ಅರ್ಜಿ ಹಾಕದೆ ಉಳಿದ 94 ಸಾವಿರ ಮಂದಿಯನ್ನು ಶ್ರೀಲಂಕಾ ಒಪ್ಪಿಕೊಂಡಿತು. 1988ರಲ್ಲಿ ಇನ್ನೊಂದು ಕಾನೂನು ಬಂತು. ಕೊನೆಗೆ 2003ರಲ್ಲಿ ಮಾಡಿದ ಕಾನೂನು ತೀರಾ ಸರಳ. 1964ರ ಅಕ್ಟೋಬರ್ 30ರಿಂದ ಶ್ರೀಲಂಕಾದಲ್ಲಿ ವಾಸವಿದ್ದವರು, ಇಲ್ಲವೇ ಅವರ ಸಂತತಿಯವರು ಪೌರರು. ಭಾರತದ ಪಾಸ್‌ಪೋರ್ಟ್ ಇದ್ದವರು ‘ನಾನು ಇಲ್ಲಿಯವನು’ ಎಂದು ಒಂದು ಘೋಷಣೆ ಬರೆದುಕೊಟ್ಟರೆ ಸಾಕು. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯೂ ಕೈ ಜೋಡಿಸಿತು. 10 ದಿನದಲ್ಲಿ 1,90,000ಕ್ಕೂ ಹೆಚ್ಚು ಜನ ಪೌರತ್ವ ಪಡೆದರು.

ಐವತ್ತೈದು ವರ್ಷ ಬಗೆಹರಿಯದ್ದು ಹತ್ತು ದಿನದಲ್ಲಿ ಬಗೆಹರಿಯಿತು. ಬದಲಾದದ್ದು ಸಾಬೀತು ಮಾಡುವ ಹೊರೆ ಮಾತ್ರ. ಜನ ಅವರೇ, ತೋಟ ಅದೇ, ಲೈನ್ ಮನೆಯೂ ಅದೇ. ಬಡತನವೂ ಅದೇ ಇದೆ, ಸ್ವಂತ ನೆಲ ಇವತ್ತಿಗೂ ಹೆಚ್ಚಿನವರಿಗಿಲ್ಲ. 2023ರಲ್ಲಿ ಅವರು ತಮ್ಮ ಹಿರಿಯರು ಬಂದ 200 ವರ್ಷದ ನೆನಪಿಗೆ ತಲೈಮನ್ನಾರ್‌ನಿಂದ ಮಾತಳೆಗೆ ಮತ್ತೆ ನಡೆದರು. ಈ ಸಲ ಪೌರರಾಗಿ ನಡೆದರು, ತಮ್ಮನ್ನು ‘ಮಲೈಯಗ’ ತಮಿಳರು, ಅಂದರೆ ಬೆಟ್ಟನಾಡಿನವರು ಎಂದು ಕರೆದುಕೊಂಡರು.

ಈಗ ನಮ್ಮ ಕಡೆಗೆ ಬರೋಣ. ಗಲಭೆಗಳಿಗೆ ಹೆದರಿ ತೋಟ ಬಿಟ್ಟು ಉತ್ತರದ ವವುನಿಯಾ ಕಡೆ ಹೋಗಿದ್ದ ಎಷ್ಟೋ ಬೆಟ್ಟದ ತಮಿಳರು ಯುದ್ಧ ಬಂದಾಗ ದೋಣಿ ಹತ್ತಿ ತಮಿಳುನಾಡಿಗೆ ಬಂದರು. ಅಲ್ಲಿನ ಶಿಬಿರಗಳಲ್ಲಿರುವ ಸುಮಾರು 58 ಸಾವಿರ ಜನರಲ್ಲಿ ಹೆಚ್ಚುಕಮ್ಮಿ ಅರ್ಧ ಇವರೇ. ಹಡಗಿನಲ್ಲಿ ಬಂದ ಅಣ್ಣ ಭಾರತದ ಪೌರ. ಕೆಲವು ವರ್ಷ ತಡವಾಗಿ ದೋಣಿಯಲ್ಲಿ ಬಂದ ತಮ್ಮ, ಪಾಸ್‌ಪೋರ್ಟ್ ಇಲ್ಲದ ಕಾರಣಕ್ಕೆ, ಕಾನೂನಿನ ಕಣ್ಣಲ್ಲಿ ‘ಅಕ್ರಮ ವಲಸಿಗ’.

ನಮ್ಮ ಕಾನೂನೂ ಈ ಹೊತ್ತಿಗೆ ಬದಲಾಗುತ್ತಾ ಬಂದಿತ್ತು. 1955ರ ಪೌರತ್ವ ಕಾಯ್ದೆಯ ಪ್ರಕಾರ ಭಾರತದಲ್ಲಿ ಹುಟ್ಟಿದ ಮಗು ಭಾರತೀಯ, ಬಹುತೇಕ ಅಷ್ಟೇ. 1987ರ ಜುಲೈ 1ರಿಂದ ತಂದೆ ತಾಯಿಯಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. 2004ರ ಡಿಸೆಂಬರ್ 3ರಿಂದ ಇನ್ನೊಬ್ಬರು ಅಕ್ರಮ ವಲಸಿಗರೂ ಆಗಿರಬಾರದು. ಅದೇ ತಿದ್ದುಪಡಿ ಅಕ್ರಮ ವಲಸಿಗರು ಅರ್ಜಿ ಹಾಕಿ ಪೌರರಾಗುವ ದಾರಿಯನ್ನೂ ಮುಚ್ಚಿತು. ನಿಧಾನವಾಗಿ ನಾವೂ ‘ಎಲ್ಲಿ ಹುಟ್ಟಿದೆ’ ಎಂಬುದನ್ನು ಬಿಟ್ಟು ‘ಅಪ್ಪ ಅಮ್ಮ ಯಾರು’ ಎಂಬ ಪ್ರಶ್ನೆಗೆ ಬಂದೆವು. 2025ರಲ್ಲಿ ಬಿಹಾರದಿಂದ ಶುರುವಾದ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆಯಲ್ಲಿ 1987ರ ಜುಲೈ ನಂತರ ಹುಟ್ಟಿದವರಿಗೆ ಹೆತ್ತವರ ದಾಖಲೆಯನ್ನೂ ಕೇಳಿದಾಗ, ಇದು ಶಿಬಿರದವರಿಗೆ ಮಾತ್ರ ಸಂಬಂಧಿಸಿದ್ದಲ್ಲ ಎಂದು ಬಹಳ ಜನರಿಗೆ ಅರಿವಾಯಿತು ಅಲ್ವಾ?

2019ರ ತಿದ್ದುಪಡಿ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದಿಂದ ಬಂದ ಆರು ಧರ್ಮದವರಿಗೆ ಅಕ್ರಮ ವಲಸಿಗ ಎಂಬ ಹಣೆಪಟ್ಟಿಯಿಂದ ಬಿಡುಗಡೆ ಕೊಟ್ಟಿತು. ಶ್ರೀಲಂಕಾ ಆ ಪಟ್ಟಿಯಲ್ಲಿಲ್ಲ. ಅದೇ ವರ್ಷ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟಿನ ಮಧುರೆ ಪೀಠದ ನ್ಯಾಯಮೂರ್ತಿ ಜಿ.ಆರ್. ಸ್ವಾಮಿನಾಥನ್, ಭಾರತ ಮೂಲದ 65 ಮಂದಿಯ ಅರ್ಜಿಯ ಮೇಲೆ ತೀರ್ಪು ಕೊಡುತ್ತಾ, ಇವರನ್ನು ಮಾಮೂಲಿ ಅಕ್ರಮ ವಲಸಿಗರಂತೆ ನೋಡಬಾರದು, ಅವರ ಅರ್ಜಿಯನ್ನು ಪರಿಗಣಿಸಿ ಎಂದರು. 1987ಕ್ಕೆ ಮುಂಚೆ ಮಂಡಪಂ ಶಿಬಿರದಲ್ಲಿ ಹುಟ್ಟಿದ್ದ ಮಹಿಳೆಯೊಬ್ಬರು ಕೋರ್ಟಿನ ಆದೇಶದಿಂದ 2022ರಲ್ಲಿ ಪಾಸ್‌ಪೋರ್ಟ್ ಹಕ್ಕು ಪಡೆದು 2024ರ ಲೋಕಸಭಾ ಚುನಾವಣೆಯಲ್ಲಿ ಓಟು ಹಾಕಿದರು. 2021ರಲ್ಲಿ ತಮಿಳುನಾಡು ಸರ್ಕಾರ ನಿರಾಶ್ರಿತರ ಶಿಬಿರ ಎಂಬ ಹೆಸರನ್ನು ‘ಮರುವಸತಿ ಶಿಬಿರ’ ಎಂದು ಬದಲಿಸಿತು. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ, 2015ರ ಜನವರಿ 9ರೊಳಗೆ ಬಂದು ಹೆಸರು ನೋಂದಾಯಿಸಿದ ಶ್ರೀಲಂಕಾ ತಮಿಳರಿಗೆ ಪಾಸ್‌ಪೋರ್ಟ್, ವೀಸಾ ಇಲ್ಲದ್ದಕ್ಕೆ ಶಿಕ್ಷೆ ಇಲ್ಲ ಎಂದಿತು. ಒಳ್ಳೆಯದೇ. ಆದರೆ ಶಿಕ್ಷೆ ಇಲ್ಲ ಎನ್ನುವುದು ಬೇರೆ, ನೀನು ನಮ್ಮವನು ಎನ್ನುವುದು ಬೇರೆ.

ಬಂದವರಿಗೆಲ್ಲ ಬಾಗಿಲು ತೆರೆಯಲು ಆಗುತ್ತದೆಯೇ ಎಂಬ ಪ್ರಶ್ನೆ ಸುಮ್ನೆ ಕೇಳುವಂಥದ್ದಲ್ಲ, ಅದಕ್ಕೆ ತೂಕವಿದೆ. ಯಾವ ದೇಶಕ್ಕೂ ಗಡಿ ಬೇಕು, ನಿಯಮ ಬೇಕು. ಆದರೆ ಇವರ ವಿಷಯದಲ್ಲಿ ನಾವು ಹೊಸದಾಗಿ ಬಾಗಿಲು ತೆರೆಯಬೇಕಾಗಿಲ್ಲ. 1964 ಮತ್ತು 1974ರಲ್ಲಿ ಭಾರತ ಒಪ್ಪಿಕೊಂಡದ್ದು ಒಟ್ಟು 6 ಲಕ್ಷ ಜನರನ್ನು, ಜೊತೆಗೆ ಆಮೇಲೆ ಹುಟ್ಟುವ ಅವರ ಮಕ್ಕಳನ್ನು. ಭಾರತಕ್ಕೆ ಅರ್ಜಿ ಹಾಕಿದವರು ಸುಮಾರು 5.06 ಲಕ್ಷ. ಮಕ್ಕಳನ್ನು ಬಿಟ್ಟು ಲೆಕ್ಕ ಹಾಕಿದರೆ ನಿಜವಾಗಿ ಬಂದು ಸೇರಿದವರು ಮೂರೂವರೆ ಲಕ್ಷವನ್ನೂ ಮುಟ್ಟಲಿಲ್ಲ. ಉಳಿದವರಲ್ಲಿ ಹೆಚ್ಚಿನವರನ್ನು ಶ್ರೀಲಂಕಾ 2003ರಲ್ಲಿ ತನ್ನವರೆಂದಿತು. ಅವರಿಗೆ ಬೇಕಾದದ್ದು ಒಂದು ಘೋಷಣೆಯ ಹಾಳೆ. ಅಂಥದ್ದೇ ಒಂದು ಹಾಳೆಯನ್ನು ದೆಹಲಿ ಇನ್ನೂ ಅಚ್ಚು ಮಾಡಿಸಿಲ್ಲ. ಭಾರತ ಕೊಟ್ಟ ಮಾತಿನ ಲೆಕ್ಕದಲ್ಲಿ ಲಕ್ಷಕ್ಕೂ ಮೀರಿ ಜಾಗ ಖಾಲಿ ಉಳಿದಿದೆ. ಶಿಬಿರಗಳಲ್ಲಿ ಕಾಯುತ್ತಿರುವವರು 30 ಸಾವಿರ.